ನಿಮಗಿದು ಗೊತ್ತೇ? ತ್ರಿಕೋನಗಳ ಮೆಶ್‌ನಿಂದ ತಿದ್ದಬಲ್ಲ ಸಾಲಿಡ್‌ವರೆಗೆ

◆ ತ್ರೀಡಿ ಪ್ರಿಂಟರಿಗೆ ಕೊಡುವ ಎಸ್‌ಟಿಎಲ್ ಫೈಲಿಗೆ ವೃತ್ತ ಎಂದರೇನೆಂದು ಗೊತ್ತಿಲ್ಲ. ಸಿಲಿಂಡರ್, ಗೋಳ, ಕೊಳವೆ, ತೂತು ಯಾವುದೂ ಗೊತ್ತಿಲ್ಲ. ಅದರೊಳಗೆ ಇರುವುದು ತ್ರಿಕೋನಗಳು ಮಾತ್ರ. ಕ್ಯಾಡ್ ತಂತ್ರಾಂಶದಲ್ಲಿ 20 ಮಿ.ಮೀ. ವ್ಯಾಸದ ತೂತು ಕೊರೆದು ಎಸ್‌ಟಿಎಲ್ ಆಗಿ ಉಳಿಸಿದಿರೋ, ಆ 20 ಎಂಬ ಸಂಖ್ಯೆ ಫೈಲಿನಲ್ಲಿ ಎಲ್ಲೂ ಇರುವುದಿಲ್ಲ. ತೂತಿನ ಸುತ್ತ ನಿಂತ ಚಪ್ಪಟೆ ಪಟ್ಟಿಗಳಷ್ಟೇ ಉಳಿಯುತ್ತವೆ. ಮೆಶ್ ಅನ್ನು ಸಾಲಿಡ್ ಮಾಡುವ ಕೆಲಸವೆಂದರೆ ಹೀಗೆ ಕಳೆದುಹೋದ ಸಂಖ್ಯೆಗಳನ್ನು ಮರಳಿ ಹುಡುಕುವ ಕೆಲಸ.

◆ ಇದರಲ್ಲಿ ಎಸ್‌ಟಿಎಲ್‌ನ ತಪ್ಪೇನೂ ಇಲ್ಲ. ಚಕ್ ಹಲ್ ಅವರಿಗೆ ಸ್ಟೀರಿಯೊಲಿಥಾಗ್ರಫಿ ಎಂಬ ತ್ರೀಡಿ ಪ್ರಿಂಟಿಂಗ್ ವಿಧಾನದ ಪೇಟೆಂಟ್ ಸಿಕ್ಕಿದ್ದು 1986ರಲ್ಲಿ. ಮರುವರ್ಷ ಅವರ ತ್ರೀಡಿ ಸಿಸ್ಟಮ್ಸ್ ಕಂಪನಿಗಾಗಿ ಈ ಫೈಲ್ ರೂಪ ಹುಟ್ಟಿತು. ಆಗ ಅದಕ್ಕಿದ್ದುದು ಒಂದೇ ಕೆಲಸ: ವಸ್ತುವನ್ನು ಅಡ್ಡಡ್ಡ ಪದರಗಳಾಗಿ ಸೀಳಿಕೊಡುವುದು. ಸಮತಲವೊಂದು ತ್ರಿಕೋನವನ್ನು ಕತ್ತರಿಸಿದರೆ ಸಿಗುವುದು ಒಂದು ಸರಳರೇಖೆಯ ತುಂಡು. ಆ ಕಾಲದ ಸಣ್ಣ ಕಂಪ್ಯೂಟರ್‌ಗೂ ಅದು ಸುಲಭದ ಲೆಕ್ಕವಾಗಿತ್ತು. ಮತ್ತೆ ತಿದ್ದುವುದಕ್ಕೆಂದು ಆ ಫೈಲನ್ನು ಯಾರೂ ರೂಪಿಸಿರಲಿಲ್ಲ.

◆ ಒಂದು ಘನಾಕೃತಿಗೆ ಎಂಟು ಮೂಲೆ. ಅದೇ ಘನವನ್ನು ಎಸ್‌ಟಿಎಲ್ 36 ಮೂಲೆಗಳಾಗಿ ಬರೆದಿಡುತ್ತದೆ. ಆರು ಮುಖಕ್ಕೆ ಎರಡೆರಡರಂತೆ 12 ತ್ರಿಕೋನ, ಪ್ರತಿ ತ್ರಿಕೋನಕ್ಕೂ ಅದರದೇ ಮೂರು ಮೂಲೆ. ಪಕ್ಕದ ತ್ರಿಕೋನ ಯಾವುದು, ಯಾವ ಅಂಚು ಯಾರ ಜೊತೆ ಹಂಚಿಕೆಯಾಗಿದೆ ಎಂಬ ಮಾಹಿತಿಯೇ ಇಲ್ಲ. ಫೈಲು ತೆರೆದ ತಂತ್ರಾಂಶ ಒಂದೇ ಜಾಗದಲ್ಲಿರುವ ಮೂಲೆಗಳನ್ನು ಗುರುತಿಸಿ ತಾನೇ ಜೋಡಿಸಿಕೊಳ್ಳಬೇಕು.

◆ ಬೈನರಿ ಎಸ್‌ಟಿಎಲ್ ಫೈಲಿನ ಗಾತ್ರ ನೋಡಿಯೇ ಅದರಲ್ಲಿ ಎಷ್ಟು ತ್ರಿಕೋನಗಳಿವೆ ಎಂದು ಹೇಳಬಹುದು. ತಲೆಬರಹಕ್ಕೆ 80 ಬೈಟ್, ಎಣಿಕೆಗೆ 4 ಬೈಟ್, ಆಮೇಲೆ ತ್ರಿಕೋನಕ್ಕೆ ತಲಾ 50 ಬೈಟ್. ಒಟ್ಟು ಬೈಟ್‌ಗಳಿಂದ 84 ಕಳೆದು 50ರಿಂದ ಭಾಗಿಸಿ. ಸುಮಾರು ಐದು ಎಂಬಿ ಫೈಲಿನಲ್ಲಿ ಒಂದು ಲಕ್ಷ ತ್ರಿಕೋನ. ಯಾರಾದರೂ ‘ಇದನ್ನು ಸಾಲಿಡ್ ಮಾಡಿಕೊಡಿ’ ಎಂದು ಫೈಲು ಕಳಿಸಿದಾಗ ತೆರೆಯುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಿ. ಮುಂದಿನ ಶ್ರಮ ಎಷ್ಟೆಂಬ ಅಂದಾಜು ಸಿಗುತ್ತದೆ.

◆ ಎಸ್‌ಟಿಎಲ್‌ಗೆ ಅಳತೆಯ ಮಾನವೂ ಇಲ್ಲ. 10 ಎಂದಿದ್ದರೆ ಅದು ಮಿಲಿಮೀಟರೋ ಇಂಚೋ ಹೇಳುವವರಿಲ್ಲ. ತೆರೆದ ವಸ್ತು ತೀರಾ ಪುಟ್ಟದಾಗಿ ಅಥವಾ ವಿಪರೀತ ದೊಡ್ಡದಾಗಿ ಕಂಡರೆ ಮೊದಲು 25.4ರಿಂದ ಗುಣಿಸಿ ಇಲ್ಲವೇ ಭಾಗಿಸಿ ನೋಡಿ.

◆ ತೂತುಗಳು ಯಾಕೆ ಬಿಗಿಯಾಗುತ್ತವೆ? 20 ಮಿ.ಮೀ. ತೂತನ್ನು 12 ಪಟ್ಟಿಗಳಾಗಿ ಒಡೆದರೆ ಪಟ್ಟಿಗಳು ಸೇರುವ ಅಂಚುಗಳು ನಿಜವಾದ ವೃತ್ತದ ಮೇಲೇ ಇರುತ್ತವೆ. ಆದರೆ ಪಟ್ಟಿಗಳ ನಡುಭಾಗ ಒಳಕ್ಕೆ ಬಂದಿರುತ್ತದೆ. ಎದುರುಬದುರು ಪಟ್ಟಿಗಳ ನಡುವಿನ ಅಂತರ 19.32 ಮಿ.ಮೀ. ಮಾತ್ರ. 20ರ ಪಿನ್ನು ಅದರೊಳಗೆ ಹೋಗದು. ಪಟ್ಟಿಗಳನ್ನು 24 ಮಾಡಿದರೆ 19.83, 72 ಮಾಡಿದರೆ 19.98. ಪಟ್ಟಿಗಳ ಸಂಖ್ಯೆ ಎರಡು ಪಟ್ಟಾದರೆ ದೋಷ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮೆಶ್‌ನಿಂದ ವ್ಯಾಸ ಅಳೆಯುವಾಗ ಮೂಲೆಯಿಂದ ಮೂಲೆಗೆ ಅಳೆಯಬೇಕು. ಪಟ್ಟಿಯಿಂದ ಪಟ್ಟಿಗೆ ಅಳೆದರೆ ಪ್ರತಿ ಸಲವೂ ಕಡಿಮೆಯೇ ಬರುತ್ತದೆ.

◆ ಲಿಯೊನಾರ್ಡ್ ಆಯ್ಲರ್ ಅವರ ಸೂತ್ರ ಅಚ್ಚಾದದ್ದು 1758ರಲ್ಲಿ. ತೂತಿಲ್ಲದ ಬಹುಮುಖಿ ಘನದಲ್ಲಿ ಮೂಲೆಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿದರೆ ಯಾವಾಗಲೂ 2. ಈ ಹಳೆಯ ಸೂತ್ರದ ಪ್ರಕಾರ 10,000 ತ್ರಿಕೋನಗಳ, ತೂತಿಲ್ಲದ ಮುಚ್ಚಿದ ಮೆಶ್‌ಗೆ 15,000 ಅಂಚು, 5,002 ಮೂಲೆ ಇರಲೇಬೇಕು. ತ್ರಿಕೋನ, ಅಂಚುಗಳ ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಸಂಗತಿಗೆ ಬೇಕು.

◆ ‘ಮೆಶ್ ಟು ಸಾಲಿಡ್’ ಎಂಬ ಗುಂಡಿ ಬಹುತೇಕ ಕ್ಯಾಡ್ ತಂತ್ರಾಂಶಗಳಲ್ಲಿದೆ. ಅದನ್ನು ಒತ್ತಿದರೆ ಏನಾಗುತ್ತದೆ ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ. ಉಚಿತ ತಂತ್ರಾಂಶವಾದ ಫ್ರೀಕ್ಯಾಡ್ ಅನ್ನೇ ತೆಗೆದುಕೊಳ್ಳಿ. ಪಾರ್ಟ್ ವರ್ಕ್‌ಬೆಂಚಿನಲ್ಲಿ ‘ಕ್ರಿಯೇಟ್ ಶೇಪ್ ಫ್ರಮ್ ಮೆಶ್’ ಎಂಬ ಆಜ್ಞೆ ಇದೆ. ಅದು ಪ್ರತಿ ತ್ರಿಕೋನವನ್ನೂ ಒಂದು ಸಮತಲ ಮುಖವಾಗಿಸಿ, ಕೊಟ್ಟ ಟಾಲರೆನ್ಸ್ ಒಳಗಿರುವ ಅಂಚುಗಳನ್ನು ಒಂದಕ್ಕೊಂದು ಹೊಲಿಯುತ್ತದೆ. ಮುಂದಿನ ಆಜ್ಞೆ ‘ಕನ್ವರ್ಟ್ ಟು ಸಾಲಿಡ್’ ಆ ಚಿಪ್ಪನ್ನು ಘನವೆಂದು ಘೋಷಿಸುತ್ತದೆ. ಪರದೆಯ ಮೇಲೆ ಸಾಲಿಡ್ ಬಂತು, ನಿಜ. ಆದರೆ ಅದಕ್ಕೆ ಹತ್ತು ಸಾವಿರ ಮುಖ, ಹದಿನೈದು ಸಾವಿರ ಅಂಚು. ತೂತಿನ ಬಾಯಂಚನ್ನು ದುಂಡಾಗಿಸುವ ಫಿಲೆಟ್ ಕೊಡಲು ಹೋದರೆ ವೃತ್ತದ ಬದಲು ಡಜನುಗಟ್ಟಲೆ ಚೂರು ಅಂಚುಗಳು ಸಿಗುತ್ತವೆ. ತೂತನ್ನು 20ರಿಂದ 22ಕ್ಕೆ ಹಿಗ್ಗಿಸಬೇಕೆಂದರೆ ಹಿಡಿದೆಳೆಯಲು ಸಿಲಿಂಡರ್ ಎಂಬುದೇ ಇಲ್ಲ. ಕಂಪ್ಯೂಟರು ತಡವರಿಸತೊಡಗುತ್ತದೆ. ಇದನ್ನು ಪರಿವರ್ತನೆ ಎಂದು ನಾನು ಒಪ್ಪುವುದಿಲ್ಲ. ಅದು ಮೆಶ್‌ಗೆ ಹಾಕಿದ ಬೇರೆ ಹೆಸರು.

◆ ಫ್ರೀಕ್ಯಾಡ್‌ನ ಮೂರನೆಯ ಆಜ್ಞೆ ‘ರಿಫೈನ್ ಶೇಪ್’ ಇಲ್ಲಿ ಅರ್ಧ ನೆರವು ನೀಡುತ್ತದೆ. ಒಂದೇ ಸಮತಲದಲ್ಲಿರುವ ತ್ರಿಕೋನಗಳನ್ನು ಕೂಡಿಸಿ ಒಂದು ಮುಖ ಮಾಡುತ್ತದೆ. ಚಪ್ಪಟೆ ಮೇಲ್ಮೈಗಳೇ ಹೆಚ್ಚಿರುವ ಬ್ರ್ಯಾಕೆಟ್, ಪೆಟ್ಟಿಗೆ, ಪ್ಲೇಟುಗಳಿಗೆ ಇಷ್ಟೇ ಸಾಕಾಗಬಹುದು. ದುಂಡನೆಯ ಭಾಗಗಳು ಮಾತ್ರ ಪಟ್ಟಿಪಟ್ಟಿಯಾಗಿಯೇ ಉಳಿಯುತ್ತವೆ. ಆ ತೂತುಗಳನ್ನು ಮುಚ್ಚಿ, ಅದೇ ಕೇಂದ್ರದಲ್ಲಿ ಹೊಸದಾಗಿ ಕೊರೆಯುವುದೇ ಹತ್ತಿರದ ದಾರಿ.

◆ ಕೆಲವೊಮ್ಮೆ ಚಪ್ಪಟೆ ಮುಖಗಳೂ ಕೂಡಿಕೊಳ್ಳುವುದಿಲ್ಲ. ಕಾರಣ ದಶಮಾಂಶಗಳಲ್ಲಿದೆ. ಬೈನರಿ ಎಸ್‌ಟಿಎಲ್ ಪ್ರತಿ ಅಳತೆಯನ್ನೂ 32 ಬಿಟ್‌ಗಳಲ್ಲಿ, ಅಂದರೆ ಸುಮಾರು ಏಳು ಅಂಕಿಗಳ ನಿಖರತೆಯಲ್ಲಿ ಇಡುತ್ತದೆ. ಸೀಮೆನ್ಸ್‌ನ ಪ್ಯಾರಾಸಾಲಿಡ್‌ನಂಥ ಕ್ಯಾಡ್ ಕರ್ನೆಲ್ (ಆಕಾರಗಳ ಲೆಕ್ಕ ಮಾಡುವ ಒಳತಿರುಳು) ಎರಡು ಬಿಂದುಗಳನ್ನು ಒಂದೇ ಎಂದು ಒಪ್ಪಬೇಕಾದರೆ ಅವು ಮೀಟರಿನ ಹತ್ತು ಕೋಟಿಯಲ್ಲೊಂದು ಭಾಗದಷ್ಟು ಹತ್ತಿರವಿರಬೇಕು. ನಮ್ಮ ಕಣ್ಣಿಗೆ ಸಪಾಟಾಗಿ ಕಾಣುವ ಮೇಲ್ಮೈ ಅದರ ಲೆಕ್ಕದಲ್ಲಿ ಒಂಚೂರು ಆಚೀಚೆ ವಾಲಿದ ನೂರಾರು ತ್ರಿಕೋನಗಳು. ವಸ್ತು ಮೂಲಬಿಂದುವಿನಿಂದ ದೂರವಿದ್ದಷ್ಟೂ ಕಷ್ಟ ಹೆಚ್ಚು. ಒಂದು ಕಿ.ಮೀ. ದೂರದಲ್ಲಿ ಮಿಲಿಮೀಟರ್ ಲೆಕ್ಕದ ಎಸ್‌ಟಿಎಲ್‌ನ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವೆಯೇ 0.0625 ಮಿ.ಮೀ. ಅಂತರವಿರುತ್ತದೆ. ಮೆಶ್ ಉಳಿಸುವ ಮೊದಲೇ ವಸ್ತುವನ್ನು ಮೂಲಬಿಂದುವಿನ ಹತ್ತಿರಕ್ಕೆ ತರಬೇಕೆನ್ನುವುದು ಇದಕ್ಕೇ.

◆ ಕ್ಯಾಡ್‌ನ ಸಾಲಿಡ್ ತನ್ನ ಮುಖಗಳನ್ನು ಸಮೀಕರಣಗಳಾಗಿ, ಅಂಚುಗಳನ್ನು ಆ ಮುಖಗಳ ಗಡಿಗಳಾಗಿ ನೆನಪಿಟ್ಟುಕೊಳ್ಳುತ್ತದೆ. ಬಿ-ರೆಪ್ ಎಂದು ಕರೆಯುವ ಈ ವಿಧಾನಕ್ಕೆ 1970ರ ದಶಕದಲ್ಲಿ ಬುನಾದಿ ಹಾಕಿದವರು ಕೇಂಬ್ರಿಜ್‌ನ ಇಯಾನ್ ಬ್ರೇಡ್ ಮತ್ತು ಸ್ಟ್ಯಾನ್‌ಫರ್ಡ್‌ನ ಬ್ರೂಸ್ ಬಾಮ್‌ಗಾರ್ಟ್. ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್, ಎನ್‌ಎಕ್ಸ್ ಮೂರೂ ಪ್ಯಾರಾಸಾಲಿಡ್ ಕರ್ನೆಲ್ ಮೇಲೆ ನಿಂತಿವೆ. ಫ್ರೀಕ್ಯಾಡ್ ನಿಂತಿರುವುದು 1999ರಲ್ಲಿ ಮುಕ್ತವಾದ ಓಪನ್ ಕ್ಯಾಸ್ಕೇಡ್ ಮೇಲೆ.

◆ ಮೆಶ್ ‘ನೀರು ಸೋರದಂತೆ’ ಇರಬೇಕು ಎನ್ನುವುದು ಈ ಕೆಲಸದವರ ಮಾತು. ಪ್ರತಿ ಅಂಚನ್ನೂ ಸರಿಯಾಗಿ ಎರಡೇ ತ್ರಿಕೋನ ಹಂಚಿಕೊಂಡಿರಬೇಕು. ಒಂದೇ ಇದ್ದರೆ ಅಲ್ಲಿ ಬಾಯಿ ತೆರೆದಿದೆ, ಮೂರಿದ್ದರೆ ಒಳಗೆಲ್ಲಿ ಹೊರಗೆಲ್ಲಿ ಎಂದು ಹೇಳಲಾಗದು. ಜನ ಹಂಚಿಕೊಳ್ಳುವ ತ್ರೀಡಿ ಮಾದರಿಗಳಲ್ಲಿ 10,000ವನ್ನು ಕಲೆಹಾಕಿ 2016ರಲ್ಲಿ ಪರೀಕ್ಷಿಸಿದ ‘ಥಿಂಗಿ10ಕೆ’ ಸಂಗ್ರಹದಲ್ಲಿ ಸುಮಾರು ಅರ್ಧದಷ್ಟು ಮಾದರಿಗಳು ಸರಿಯಾದ ಘನಗಳಾಗಿರಲಿಲ್ಲ. ಹಾಗಾಗಿ ಫ್ರೀಕ್ಯಾಡ್‌ನ ಮೆಶ್ ವರ್ಕ್‌ಬೆಂಚಿನಲ್ಲಿರುವ ದೋಷ ಪರೀಕ್ಷೆ, ದುರಸ್ತಿಯ ಆಜ್ಞೆಗಳನ್ನು ಬಿಟ್ಟು ಮುಂದೆ ಹೋಗಬೇಡಿ.

◆ ಕಂಪ್ಯೂಟರ್ ಗ್ರಾಫಿಕ್ಸ್‌ನ ಅತ್ಯಂತ ಪ್ರಸಿದ್ಧ ಮೆಶ್ ಆದ 1994ರ ಸ್ಟ್ಯಾನ್‌ಫರ್ಡ್ ಮೊಲಕ್ಕೂ ತಳದಲ್ಲಿ ತೂತುಗಳಿವೆ. ಅದರ ತ್ರಿಕೋನಗಳು 69,451.

◆ ಮೆಶ್‌ನ ಘನಗಾತ್ರ ಋಣ ಸಂಖ್ಯೆಯಾಗಿ ಬಂದರೆ ಗಾಬರಿಯಾಗಬೇಡಿ. ಮೂಲಬಿಂದುವಿನಿಂದ ಪ್ರತಿ ತ್ರಿಕೋನಕ್ಕೆ ಒಂದೊಂದು ಚತುರ್ಮುಖಿ ಕಟ್ಟಿ, ಚಿಹ್ನೆ ಸಮೇತ ಕೂಡಿದರೆ ಘನಗಾತ್ರ ಸಿಗುತ್ತದೆ. ತ್ರಿಕೋನಗಳೆಲ್ಲ ಒಳಕ್ಕೆ ಮುಖ ಮಾಡಿದ್ದರೆ ಉತ್ತರ ಋಣ. ದಿಕ್ಕು ತಿರುಗಿಸಿದರೆ ಸರಿಹೋಗುತ್ತದೆ.

◆ ಸಮತಲವನ್ನು ಗುರುತಿಸಲು ಮೂರು ಸಂಖ್ಯೆ ಸಾಕು, ಗೋಳಕ್ಕೆ ನಾಲ್ಕು, ಸಿಲಿಂಡರಿಗೆ ಐದು, ಶಂಕುವಿಗೆ ಆರು, ಬಳೆಯಾಕಾರದ ಟೋರಸ್‌ಗೆ ಏಳು. ಸಾವಿರಾರು ತ್ರಿಕೋನಗಳ ಬದಲು ಐದು ಸಂಖ್ಯೆ! ಈ ವಿದ್ಯೆಯಲ್ಲಿ ನನ್ನ ಮನಸ್ಸಿಗೆ ಅತಿ ಹೆಚ್ಚು ಹಿಡಿಸಿದ್ದು ಇದೇ. ಯಂತ್ರಭಾಗಗಳ ಬಹುಪಾಲು ಮೇಲ್ಮೈಗಳು ಈ ಐದು ಆಕಾರಗಳಲ್ಲೇ ಮುಗಿಯುತ್ತವೆ, ಯಾಕೆಂದರೆ ಲೇತ್, ಡ್ರಿಲ್, ಮಿಲ್ಲಿಂಗ್ ಯಂತ್ರಗಳು ಕೊಡುವುದೇ ಅವನ್ನು. ತ್ರಿಕೋನಗಳ ಗುಂಪಿನಿಂದ ಈ ಆಕಾರಗಳನ್ನು ಹೆಕ್ಕಲು ರಾನ್ಸಾಕ್ ಎಂಬ ವಿಧಾನ ಬಳಕೆಯಲ್ಲಿದೆ. ಫಿಶ್ಲರ್ ಮತ್ತು ಬೋಲ್ಸ್ ಅದನ್ನು ಪ್ರಕಟಿಸಿದ್ದು 1981ರಲ್ಲಿ. ಮನಸ್ಸಿಗೆ ಬಂದ ಕೆಲವು ಬಿಂದುಗಳನ್ನು ಆರಿಸು, ಅವಕ್ಕೆ ಹೊಂದುವ ಆಕಾರ ಊಹಿಸು, ಉಳಿದ ಎಷ್ಟು ಬಿಂದುಗಳು ಆ ಊಹೆಯನ್ನು ಬೆಂಬಲಿಸುತ್ತವೆ ಎಣಿಸು, ಸೋತರೆ ಮತ್ತೆ ಆರಿಸು. ಅಳತೆಯ ಗದ್ದಲದ ನಡುವೆಯೂ ಸಿಲಿಂಡರನ್ನು ಪತ್ತೆಹಚ್ಚುವ ಬಲ ಈ ಸರಳ ಹಟದಲ್ಲಿದೆ.

◆ ಆಟೊಡೆಸ್ಕ್‌ನ ಫ್ಯೂಷನ್ ತಂತ್ರಾಂಶ ಮೆಶ್ ಪರಿವರ್ತನೆಗೆ ಮೂರು ದಾರಿ ಕೊಡುತ್ತದೆ. ‘ಫ್ಯಾಸೆಟೆಡ್’ ತ್ರಿಕೋನಗಳನ್ನು ಇದ್ದಂತೆಯೇ ಮುಖಗಳಾಗಿಸುತ್ತದೆ. ‘ಪ್ರಿಸ್ಮ್ಯಾಟಿಕ್’ ಸಮತಲ, ಸಿಲಿಂಡರ್‌ಗಳನ್ನು ಗುರುತಿಸಿ ನಿಜವಾದ ಮುಖಗಳನ್ನು ಕಟ್ಟುತ್ತದೆ. ‘ಆರ್ಗ್ಯಾನಿಕ್’ ದಾರಿ ಬಾಗುಬಳುಕಿನ ಆಕಾರಗಳಿಗೆ. ಯಂತ್ರಭಾಗವಾದರೆ ಎರಡನೆಯದನ್ನೇ ಆರಿಸಿ. ಆದರೆ ಮೊದಲು ‘ಜನರೇಟ್ ಫೇಸ್ ಗ್ರೂಪ್ಸ್’ ನಡೆಸಿ, ಗುಂಪುಗಳು ನಿಮ್ಮ ಕಣ್ಣಿಗೆ ಕಾಣುವ ಮುಖಗಳಿಗೆ ತಾಳೆಯಾಗುತ್ತವೆಯೇ ಎಂದು ಬಣ್ಣ ನೋಡಿ ತಿದ್ದಿಕೊಳ್ಳಿ. ಗುಂಪು ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ.

◆ ಅನುಭವಿ ವಿನ್ಯಾಸಕಾರರಲ್ಲಿ ಬಹಳ ಮಂದಿ ಮೆಶ್ ಅನ್ನು ಪರಿವರ್ತಿಸಲು ಹೋಗುವುದೇ ಇಲ್ಲ. ಅದನ್ನು ಹಿನ್ನೆಲೆಯಲ್ಲಿ ಇಟ್ಟುಕೊಂಡು, ಅದರ ಮೇಲೆ ಹೊಸ ಸಾಲಿಡ್ ಕಟ್ಟುತ್ತಾರೆ. ಬೆಳಗಾವಿಯ ಫೌಂಡ್ರಿಯಲ್ಲಾಗಲಿ ಪೀಣ್ಯದ ವರ್ಕ್‌ಶಾಪಿನಲ್ಲಾಗಲಿ, ಡ್ರಾಯಿಂಗ್ ಕಳೆದುಹೋದ ಹಳೆಯ ಭಾಗವೊಂದನ್ನು ಮತ್ತೆ ಮಾಡಬೇಕಾದಾಗ ನಂಬಬಹುದಾದ ದಾರಿ ಇದು. ಮೊದಲು ಮೆಶ್ ಅನ್ನು ನೇರ ಕೂರಿಸಬೇಕು: ಮಷಿನಿಂಗ್ ಆದ ದೊಡ್ಡ ಮುಖವನ್ನು ತಳವೆಂದು, ಮುಖ್ಯ ಬೋರಿನ ಅಕ್ಷವನ್ನು ಲಂಬವೆಂದು ಹಿಡಿದು. ಈ ಹೆಜ್ಜೆ ತಪ್ಪಿದರೆ ಮುಂದಿನ ಪ್ರತಿ ಸ್ಕೆಚ್ಚೂ ವಾಲುತ್ತದೆ. ಆಮೇಲೆ ಬೇಕಾದೆಡೆ ಅಡ್ಡಸೀಳು ತೆಗೆದು, ಆ ರೇಖೆಯ ಮೇಲೆ ಸ್ಕೆಚ್ ಎಳೆದು, ಎಕ್ಸ್‌ಟ್ರೂಡ್ ಅಥವಾ ರಿವಾಲ್ವ್ ಮಾಡುವುದು. ಫಿಲೆಟ್‌ಗಳನ್ನು ಕಟ್ಟಕಡೆಗೆ ಹಾಕುವುದು.

ಈ ದಾರಿಯಲ್ಲಿ ಅಳತೆಯಷ್ಟೇ ಮುಖ್ಯವಾದದ್ದು ಊಹೆ. ಸ್ಕ್ಯಾನಿನಲ್ಲಿ ಬೇರಿಂಗ್ ಕೂರುವ ಜಾಗ 46.93 ಎಂದು ಬಂತು ಎನ್ನಿ. ಅದು 46.93 ಅಲ್ಲ, 47. ಯಾಕೆಂದರೆ 6204 ಬೇರಿಂಗಿನ ಹೊರವ್ಯಾಸ 47, ಒಳವ್ಯಾಸ 20, ಅಗಲ 14. ಶಾಫ್ಟ್ 20ರ ಆಸುಪಾಸಿನಲ್ಲಿದ್ದರೆ ಸಂಶಯವೇ ಬೇಡ. 6.75 ಎಂದು ಅಳತೆಗೆ ಸಿಕ್ಕ ತೂತು ಎಂಟರ ಬೋಲ್ಟಿಗೆ ಟ್ಯಾಪ್ ಹಾಕಲು ಕೊರೆದ 6.8ರ ತೂತಿರಬಹುದು, 8.95 ಎಂದಿದ್ದರೆ ಅದೇ ಬೋಲ್ಟು ಸಲೀಸಾಗಿ ಹಾದುಹೋಗಲು ಬಿಟ್ಟ 9. ಎರಕದ ಭಾಗದ ಗೋಡೆ ಒಂದೆರಡು ಡಿಗ್ರಿ ವಾಲಿದ್ದರೆ ಅದು ಸ್ಕ್ಯಾನರಿನ ದೋಷವಲ್ಲ, ಅಚ್ಚಿನಿಂದ ಬಿಡಿಸಲು ಬಿಟ್ಟ ಡ್ರಾಫ್ಟ್. ಇವ್ಯಾವುದೂ ಮೆಶ್‌ನಲ್ಲಿ ಬರೆದಿಲ್ಲ. ಭಾಗವನ್ನು ಯಾಕೆ ಹಾಗೆ ಮಾಡಿದ್ದಾರೆ ಎಂದು ಬಲ್ಲವರಿಗೆ ಮಾತ್ರ ಹೊಳೆಯುವಂಥವು. ಟರ್ನರ್, ಫಿಟ್ಟರ್ ಕೆಲಸ ಮಾಡಿ ಬಂದವರು ಈ ಕೆಲಸದಲ್ಲಿ ಮುಂದಿರುವುದಕ್ಕೆ ಇದೇ ಕಾರಣ ಎಂದು ನಾನು ನಂಬಿದ್ದೇನೆ. ಅಂಥವರನ್ನು ಕ್ಯಾಡ್ ತರಬೇತಿಗೆ ಕರೆತರುವುದು ದುಬಾರಿ ಸ್ಕ್ಯಾನರ್ ಕೊಳ್ಳುವುದಕ್ಕಿಂತ ಲಾಭದ ಮಾತು.

◆ ಹೊಸ ಸಾಲಿಡ್ ಮುಗಿದ ಮೇಲೆ ಅದನ್ನು ಹಳೆಯ ಮೆಶ್‌ನೊಡನೆ ಹೋಲಿಸಿ ಬಣ್ಣದ ನಕ್ಷೆ ತೆಗೆಯಬಹುದು. ಎಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅದು ಬಣ್ಣದಲ್ಲೇ ಹೇಳುತ್ತದೆ. ಎಲ್ಲ ಕಡೆ ವ್ಯತ್ಯಾಸವಿಲ್ಲವೆನ್ನುವ ಹಸಿರು ಬರಲೇಬೇಕೆಂದು ಹಟ ಹಿಡಿಯಬೇಡಿ. ಸವೆದ ಜಾಗದಲ್ಲಿ ಕೆಂಪು ಬಂದರೆ ನಿಮ್ಮ ಮಾದರಿ ಸರಿಯಿದೆ ಎಂದೇ ಅರ್ಥ. ಸವಕಳಿಯನ್ನು ಹೊಸ ಭಾಗಕ್ಕೆ ನಕಲು ಮಾಡುವ ಅಗತ್ಯವಿಲ್ಲ.

◆ ಮೆಶ್‌ನಲ್ಲಿರುವ ಸ್ಕ್ರೂ ಎಳೆಗಳನ್ನು ತ್ರಿಕೋನ ತ್ರಿಕೋನವಾಗಿ ಉಳಿಸಿಕೊಳ್ಳಲು ಯಾರೂ ಹೆಣಗಬಾರದು. ಅಳಿಸಿ, ನಯವಾದ ಸಿಲಿಂಡರ್ ಇಟ್ಟು, ತಂತ್ರಾಂಶದ ಥ್ರೆಡ್ ಆಜ್ಞೆ ಕೊಡಿ.

◆ ಸ್ಕ್ಯಾನ್ ಒರಟಾಗಿದೆ ಎಂದು ‘ಸ್ಮೂತ್’ ಒತ್ತುವ ಮೊದಲು ಯೋಚಿಸಿ. ಪ್ರತಿ ಮೂಲೆಯನ್ನೂ ಅಕ್ಕಪಕ್ಕದವುಗಳ ಸರಾಸರಿಯತ್ತ ಸರಿಸುವ ಲಾಪ್ಲಾಸ್ ವಿಧಾನದಲ್ಲಿ ವಸ್ತು ಕುಗ್ಗುತ್ತದೆ, ಚೂಪು ಅಂಚುಗಳು ಮೊಂಡಾಗುತ್ತವೆ. ಕುಗ್ಗುವಿಕೆಗೆ 1995ರಲ್ಲಿ ಗೇಬ್ರಿಯಲ್ ಟೌಬಿನ್ ಪರಿಹಾರ ಕೊಟ್ಟರು: ಒಂದು ಹೆಜ್ಜೆ ಒಳಕ್ಕೆ ಸರಿಸಿದ ಮೇಲೆ ಇನ್ನೊಂದು ಹೆಜ್ಜೆ ಹೊರಕ್ಕೆ. ಅದಿದ್ದರೂ ನನ್ನ ಸಲಹೆ ಒಂದೇ, ಅಳತೆ ಮೊದಲು, ನಯಗೊಳಿಸುವುದು ಆಮೇಲೆ.

◆ ಮಿರಮಿರ ಹೊಳೆಯುವ ಲೋಹ, ಪಾರದರ್ಶಕ ಪ್ಲಾಸ್ಟಿಕ್ ಬೆಳಕಿನ ಸ್ಕ್ಯಾನರಿಗೆ ಸರಿಯಾಗಿ ಕಾಣಿಸುವುದಿಲ್ಲ. ಅದಕ್ಕೆ ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ತಾನಾಗಿಯೇ ಆವಿಯಾಗಿ ಹೋಗುವ ಸ್ಪ್ರೇಗಳೂ ಬಂದಿವೆ. ಆಳವಾದ ತೂತಿನ ಒಳಗೋಡೆ ಮಾತ್ರ ಯಾವ ಸ್ಪ್ರೇಗೂ ಬಗ್ಗದು. ಅದನ್ನು ಕ್ಯಾಲಿಪರಿನಿಂದಲೇ ಅಳೆಯಬೇಕು.

◆ ಮೆಶ್ ಅನ್ನು ಹಾಗೇ ಸಿಎನ್‌ಸಿಗೆ ಕೊಟ್ಟರೆ ಏನು ನಷ್ಟ? ನಿಜವಾದ ಚಾಪ ಇದ್ದಾಗ ಜಿ02 ಅಥವಾ ಜಿ03 ಎಂಬ ಒಂದೇ ಸಾಲಿನಲ್ಲಿ ಮುಗಿಯುವ ಚಲನೆ, ಪಟ್ಟಿಗಳಿದ್ದಾಗ ಜಿ01ರ ಅನೇಕ ತುಂಡು ಸಾಲುಗಳಾಗುತ್ತದೆ. ಆ ತುಂಡುಗಳ ಗುರುತು ಮೇಲ್ಮೈಯಲ್ಲಿ ಉಳಿಯಬಹುದು.

◆ ಎಲ್ಲವನ್ನೂ ಸಾಲಿಡ್ ಮಾಡಬೇಕೆಂದೇನಿಲ್ಲ. ಸ್ಟ್ಯಾನ್‌ಫರ್ಡ್‌ನ ತಂಡ 1999ರಲ್ಲಿ ಮೈಕೆಲ್ಯಾಂಜೆಲೊನ ಡೇವಿಡ್ ವಿಗ್ರಹವನ್ನು ಸ್ಕ್ಯಾನ್ ಮಾಡಿದಾಗ ಸಿಕ್ಕ ಮಾಹಿತಿ ಸುಮಾರು 200 ಕೋಟಿ ಬಹುಭುಜಗಳಷ್ಟು. ನಮ್ಮಲ್ಲೂ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆ ಹಂಪಿಯನ್ನು ಆರಿಸಿಕೊಂಡಿತ್ತು. ಇಂಥ ಶಿಲ್ಪಗಳಲ್ಲಿ ಹುಡುಕಲು ಸಿಲಿಂಡರೂ ಇಲ್ಲ, ಮರಳಿ ಪಡೆಯಲು 20 ಎಂಬ ಸಂಖ್ಯೆಯೂ ಇಲ್ಲ. ಉಳಿಯ ಗುರುತೇ ಅಲ್ಲಿ ಮಾಹಿತಿ. ಅಲ್ಲಿ ಮೆಶ್ ಮೆಶ್ಶಾಗಿಯೇ ಇರಲಿ.

◆ ಸ್ಟೆಪ್ ಫೈಲು, ಅಂದರೆ 1994ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 10303 ಮಾನಕ, ನಿಜವಾದ ಸಿಲಿಂಡರ್, ನಿಜವಾದ ವೃತ್ತಗಳನ್ನು ಅಳತೆಯ ಮಾನ ಸಮೇತ ಉಳಿಸಿಕೊಳ್ಳುತ್ತದೆ. ಆದರೆ ಯಾವ ಸ್ಕೆಚ್ಚಿನಿಂದ ಏನು ಹುಟ್ಟಿತು ಎಂಬ ಫೀಚರ್ ಟ್ರೀ ಸಾಮಾನ್ಯವಾಗಿ ಅದರಲ್ಲೂ ಬರುವುದಿಲ್ಲ. ಹಾಗಿದ್ದರೂ ಸಿಲಿಂಡರ್ ಸಿಲಿಂಡರಾಗಿ ಇರುವುದರಿಂದ ಮುಖವನ್ನೇ ಹಿಡಿದೆಳೆದು ತಿದ್ದಬಹುದು. ಸಾಲಿಡ್ ಎಡ್ಜ್‌ನಲ್ಲಿ ಈ ಬಗೆಯ ನೇರ ತಿದ್ದುವಿಕೆ ‘ಸಿಂಕ್ರೊನಸ್ ಟೆಕ್ನಾಲಜಿ’ ಎಂಬ ಹೆಸರಲ್ಲಿ 2008ರಲ್ಲಿ ಬಂತು.

◆ ಎಸ್‌ಟಿಎಲ್‌ಗೆ ಉತ್ತರಾಧಿಕಾರಿಯಾಗಿ 2015ರಲ್ಲಿ ಬಂದ 3ಎಂಎಫ್ ಅಳತೆಯ ಮಾನ, ಬಣ್ಣಗಳನ್ನು ಹೊತ್ತು ತರುತ್ತದೆ. ಅದರೊಳಗೂ ಮೂಲತಃ ಇರುವುದು ತ್ರಿಕೋನಗಳೇ. ಪ್ರಿಂಟಿಗೆ ಒಳ್ಳೆಯದು, ತಿದ್ದಲು ಅಷ್ಟೇ ಕಷ್ಟ.

◆ ಯಂತ್ರಕಲಿಕೆಯೂ ಈ ಅಖಾಡಕ್ಕೆ ಇಳಿದಿದೆ. ಆನ್‌ಶೇಪ್ ಎಂಬ ಕ್ಯಾಡ್ ತಂತ್ರಾಂಶದ ಸಾರ್ವಜನಿಕ ವಿನ್ಯಾಸಗಳಿಂದ ಆಯ್ದ ಸುಮಾರು ಹತ್ತು ಲಕ್ಷ ಮಾದರಿಗಳ ‘ಎಬಿಸಿ’ ಸಂಗ್ರಹ 2019ರಲ್ಲಿ ಬಂತು. 2021ರ ‘ಡೀಪ್‌ಕ್ಯಾಡ್’ ಸಂಶೋಧನೆ 1,78,238 ಮಾದರಿಗಳನ್ನು ಅವುಗಳ ಸ್ಕೆಚ್, ಎಕ್ಸ್‌ಟ್ರೂಡ್ ಆಜ್ಞೆಗಳ ಸಮೇತ ಬಳಸಿತು. ಆಕಾರ ಮಾತ್ರವಲ್ಲ, ಅದನ್ನು ಕಟ್ಟಿದ ಹೆಜ್ಜೆಗಳನ್ನೂ ಕಲಿಸುವ ಪ್ರಯತ್ನವಿದು. ಸರಿಯಾದ ದಿಕ್ಕು ಎಂದು ನನಗನ್ನಿಸುತ್ತದೆ.

◆ ಸ್ಕ್ಯಾನ್ ಮಾಡಬಲ್ಲೆವು ಎಂದ ಮಾತ್ರಕ್ಕೆ ಮಾಡಿ ಮಾರಬಹುದು ಎಂದಲ್ಲ. ಭಾರತದ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿತ ವಿನ್ಯಾಸಕ್ಕೆ ಹತ್ತು ವರ್ಷ ರಕ್ಷಣೆ, ಇನ್ನೂ ಐದು ವರ್ಷ ವಿಸ್ತರಿಸಬಹುದು. ಪೇಟೆಂಟಿಗೆ 20 ವರ್ಷ.

◆ ಕೊನೆಯದಾಗಿ, ತ್ರೀಡಿ ಮಾದರಿಗಳನ್ನು ಮಾಡುವ, ಹಂಚುವ, ಗ್ರಾಹಕರಿಗೆ ಕಳಿಸುವ ಎಲ್ಲರಲ್ಲಿ ಒಂದು ಕೋರಿಕೆ. ಎಸ್‌ಟಿಎಲ್ ಉಳಿಸುವ ಹೊತ್ತಿನಲ್ಲೇ, ಅದೇ ಮೆನುವಿನಲ್ಲಿ ಇರುವ ಸ್ಟೆಪ್ ಅನ್ನೂ ಆರಿಸಿ ಇನ್ನೊಂದು ಪ್ರತಿ ಉಳಿಸಿ, ಎರಡನ್ನೂ ಒಟ್ಟಿಗೆ ಕಳಿಸಿ. ಮೂಲ ಕ್ಯಾಡ್ ಫೈಲನ್ನು ಅಳಿಸದೆ ಜೋಪಾನ ಮಾಡಿ. ಹೀಗೆ ಮಾಡಿದರೆ ಮೇಲೆ ಹೇಳಿದ ಅರ್ಧಕ್ಕರ್ಧ ಕೆಲಸ ಯಾರಿಗೂ ಬೇಕಾಗುವುದಿಲ್ಲ.